ವ್ಯಾಪಾರಕ್ಕಾಗಿ ವಿದೇಶಯಾನ: ವೀಸಾ ಅರ್ಜಿಗೆ ಮುನ್ನ

ವ್ಯಾಪಾರಕ್ಕಾಗಿ ಗಡಿ ದಾಟುವುದು ನಮ್ಮ ನಾಡಿನವರಿಗೆ ಹೊಸದೇನೂ ಅಲ್ಲ. ಐಹೊಳೆಯನ್ನು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡ ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕ್ ಸಂಘದ ಹೆಸರು, ದೂರದ ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ದೊರೆತ ಕ್ರಿ.ಶ. 1088ರ ತಮಿಳು ಶಾಸನದಲ್ಲಿ ಕಾಣಸಿಗುತ್ತದೆ. ಅಂದಿನ ವರ್ತಕರ ಕೈಯಲ್ಲಿ ವೀಸಾ ಇರಲಿಲ್ಲವೆಂಬುದು ನಿಜ. ಆದರೆ ತಾವು ಯಾರು, ಎಲ್ಲಿಂದ ಬಂದವರು, ಏನು ಕೆಲಸಕ್ಕೆ ಬಂದವರು ಎಂಬುದನ್ನು ಹೊರನಾಡಿನ ಬಾಗಿಲಲ್ಲಿ ನಿಂತು ಹೇಳಿ ನಂಬಿಸಬೇಕಾದ ಹೊಣೆ ಅವರಿಗೂ ಇದ್ದೇ ಇದ್ದಿರಬೇಕು. ಇಂದಿನ ವೀಸಾ ಅರ್ಜಿಯೂ ಮೂಲತಃ ಆ ಮೂರು ಪ್ರಶ್ನೆಗಳಿಗೆ ಕೊಡುವ ಉತ್ತರವೇ.

1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಅವರ ಕಾಲದಲ್ಲಿಯೂ ಇಂದಿನ ಬಗೆಯ ವೀಸಾ ಪದ್ಧತಿ ಇರಲಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾಗಳ ಇಂದಿನ ಕಟ್ಟುನಿಟ್ಟು ಬಹುಮಟ್ಟಿಗೆ 1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧದ ತರುವಾಯದ್ದು. ನಮ್ಮ ದೇಶದಲ್ಲಿ 1920ರಲ್ಲಿ ಒಂದು ಪಾಸ್‌ಪೋರ್ಟ್ ಕಾಯಿದೆಯೂ 1967ರಲ್ಲಿ ಇಂದಿನ ಕಾಯಿದೆಯೂ ಬಂದವು. ಕಿಟ್ಟೆಲ್ ಅವರ ನಾಡಿಗೆ ಇಂದು ನಮ್ಮ ಮನೆಯ ಹುಡುಗನೊಬ್ಬ ಹದಿನೈದು ದಿನಗಳ ವ್ಯವಹಾರಕ್ಕೆ ಹೋಗಬೇಕಾದರೂ ಒಂದು ದಪ್ಪ ಕಡತವನ್ನೇ ಸಿದ್ಧಪಡಿಸಬೇಕಾಗುತ್ತದೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತು, ತಾಳೆಗರಿಗಳನ್ನು ಓದುತ್ತ ಆಯುಷ್ಯ ಕಳೆದ ನನ್ನಂಥವನಿಗೆ ಈ ವಿಷಯದ ಗೊಡವೆ ಏಕೆ ಬಂದಿತೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯೇ ಅದಕ್ಕೆ ಕಾರಣ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಸಣ್ಣ ಕಾರ್ಖಾನೆ, ರೇಷ್ಮೆ, ಅಗರಬತ್ತಿ, ಕರಕುಶಲ ವಸ್ತುಗಳ ವ್ಯಾಪಾರ ಮಾಡುವ ಮಕ್ಕಳಿದ್ದಾರೆ. ನಮಗೆ ಒದಗಿದ ಮುಜುಗರ ಅವರಿಗೆ ಒದಗದಿರಲಿ ಎಂಬ ಒಂದೇ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ನಡೆದ ಸಂಗತಿ

ನಾವಿರುವುದು ಬೆಂಗಳೂರಿನ ದಕ್ಷಿಣದಲ್ಲಿರುವ ಅಂಜನಾಪುರದಲ್ಲಿ. ಒಂದು ಕಾಲಕ್ಕೆ ಹೊಲತೋಟಗಳಿದ್ದ ಈ ಊರು ಬಡಾವಣೆಯಾಗಿ ಬೆಳೆಯಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ಮುಂದಕ್ಕೆ ಕನಕಪುರ ರಸ್ತೆಯ ಗುಂಟ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ನಗರವು ಮನೆಬಾಗಿಲಿಗೇ ಬಂದಂತಾಯಿತು. 1951ರಲ್ಲಿ ಸ್ಥಾಪನೆಯಾದ ಮೈಕೋ, 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಮೊದಲಾದ ದೊಡ್ಡ ಕಾರ್ಖಾನೆಗಳು ಬೆಂಗಳೂರಿಗೆ ಕಲಿಸಿದ ಯಂತ್ರವಿದ್ಯೆ ಇಂದು ನಗರದ ಅಂಚಿನ ಚಿಕ್ಕಚಿಕ್ಕ ಶೆಡ್ಡುಗಳಲ್ಲಿ ಜೀವ ಹಿಡಿದುಕೊಂಡಿದೆ. ಅಂತಹ ಒಂದು ಶೆಡ್ಡು ನನ್ನ ಸೋದರಳಿಯನದು. ಎರಡು ಲೇತ್‌ಗಳು, ಒಂದು ಸಿ.ಎನ್.ಸಿ. ಯಂತ್ರ, ಒಂಬತ್ತು ಮಂದಿ ಕೆಲಸಗಾರರು. ಪಂಪುಗಳಿಗೆ ಬೇಕಾದ ಸಣ್ಣ ಬಿಡಿಭಾಗಗಳನ್ನು ಅವನು ಮಾಡಿಕೊಡುತ್ತಾನೆ. ಸಿ.ಎನ್.ಸಿ. ಯಂತ್ರಕ್ಕೆಂದು ಬ್ಯಾಂಕಿನಲ್ಲಿ ಸಾಲ ತೆಗೆಯುವಾಗ ನನ್ನ ತಂಗಿ ತನ್ನ ಕೈಬಳೆಗಳನ್ನು ಅಡವಿಟ್ಟಿದ್ದಳು.

ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ಒಬ್ಬ ಖರೀದಿದಾರರು ಇವನ ಮಾದರಿಗಳನ್ನು ಮೆಚ್ಚಿ, 2024ರ ಏಪ್ರಿಲ್ 22ರಿಂದ 26ರವರೆಗೆ ಹ್ಯಾನೋವರ್ ನಗರದಲ್ಲಿ ನಡೆಯಲಿದ್ದ ಕೈಗಾರಿಕಾ ಮೇಳಕ್ಕೆ ಬಂದರೆ ಎದುರುಬದುರು ಕುಳಿತು ಮಾತಾಡಬಹುದೆಂದು ಬರೆದರು. 1947ರಿಂದ ನಡೆದು ಬಂದ ಆ ಮೇಳ ಯಂತ್ರೋದ್ಯಮಿಗಳಿಗೆ ಒಂದು ಜಾತ್ರೆಯೇ ಸರಿ. ಹುಡುಗ ಹಿಗ್ಗಿದ. ಕೆಲಸದ ಒತ್ತಡದಲ್ಲಿ ಅರ್ಜಿಯ ಹೊಣೆಯನ್ನು ಒಬ್ಬ ಏಜೆಂಟನಿಗೆ ಒಪ್ಪಿಸಿದ. ಯುಗಾದಿ ಕಳೆದ ವಾರ ಪಾಸ್‌ಪೋರ್ಟ್ ಹಿಂದಿರುಗಿತು. ಅದರೊಳಗೆ ವೀಸಾ ಇರಲಿಲ್ಲ, ಜೊತೆಯಲ್ಲಿ ಒಂದು ಮುದ್ರಿತ ಹಾಳೆ ಇತ್ತು. ವಾಸ್ತವ್ಯದ ಉದ್ದೇಶ ಮತ್ತು ಷರತ್ತುಗಳ ಬಗ್ಗೆ ಕೊಟ್ಟ ವಿವರಗಳು ವಿಶ್ವಾಸಾರ್ಹವಲ್ಲ ಎಂಬ ಸಾಲಿಗೆ ಒಂದು ಗುರುತು. ಅವಧಿ ಮುಗಿಯುವ ಮೊದಲು ಹಿಂದಿರುಗುವ ಉದ್ದೇಶದ ಬಗ್ಗೆ ಸಂದೇಹವಿದೆ ಎಂಬ ಸಾಲಿಗೆ ಇನ್ನೊಂದು ಗುರುತು.

ಹಣ ಹೋದುದಕ್ಕಿಂತ ಆ ಮಾತು ಅವನನ್ನು ಹೆಚ್ಚು ನೋಯಿಸಿತು. “ಮಾವ, ನಾನು ಹೆಂಡತಿ ಮಕ್ಕಳನ್ನೂ ಒಂಬತ್ತು ಜನರ ಸಂಬಳವನ್ನೂ ಇಲ್ಲಿ ಬಿಟ್ಟು ಅಲ್ಲಿ ಅಡಗಿಕೊಳ್ಳುತ್ತೇನೆಯೇ? ನನ್ನನ್ನು ಕಳ್ಳನೆಂದುಕೊಂಡರಲ್ಲ” ಎಂದು ನನ್ನ ಮುಂದೆ ಕಣ್ಣೀರು ಹಾಕಿದ. ತಂಗಿಯೂ, “ಅಣ್ಣ, ನೀವು ಓದಿದವರು, ಒಮ್ಮೆ ಆ ಕಾಗದಗಳನ್ನು ನೋಡಿ” ಎಂದಳು. ನಾನು ನೋಡಿದೆ.

ಹಳೆಯ ಗ್ರಂಥವೊಂದನ್ನು ಸಂಪಾದಿಸುವವನು ಅದರ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಭೇದಗಳನ್ನು ಗುರುತು ಮಾಡುತ್ತಾನೆ. ಯಾವ ಸಾಲು ಮೂಲದ್ದು, ಯಾವುದು ನಂತರ ಯಾರೋ ಸೇರಿಸಿದ ಪ್ರಕ್ಷಿಪ್ತ ಎಂಬುದನ್ನು ಆಗ ಕಂಡುಕೊಳ್ಳುತ್ತಾನೆ. ನನಗೆ ಬರುವ ವಿದ್ಯೆ ಅದೊಂದೇ. ಅದನ್ನೇ ಆ ಕಡತಕ್ಕೂ ಅನ್ವಯಿಸಿದೆ. ಆಹ್ವಾನಪತ್ರದಲ್ಲಿ ಮೇಳದ ಮಾತಿತ್ತು. ಅರ್ಜಿಯಲ್ಲಿ ಉದ್ದೇಶ ‘ಪ್ರವಾಸ’ ಎಂದಿತ್ತು. ಮೇಳ 22ಕ್ಕೆ ಆರಂಭವಾದರೆ ವಿಮೆ 23ರಿಂದ ಆರಂಭವಾಗಿತ್ತು. ಹೋಟೆಲಿನ ಕಾಗದ ಫ್ರಾನ್ಸಿನ ಪ್ಯಾರಿಸ್ ನಗರದ್ದಾಗಿತ್ತು. ಬ್ಯಾಂಕಿನ ಖಾತೆಯಲ್ಲಿ ಅರ್ಜಿಗೆ ಮೂರು ದಿನ ಮೊದಲು ಎಂಟು ಲಕ್ಷ ರೂಪಾಯಿ ಬಂದು ಕುಳಿತಿತ್ತು. ಏಜೆಂಟನ ಸಲಹೆಯಂತೆ ಬಂಧುವೊಬ್ಬರಿಂದ ಕೈಗಡ ತಂದು ತುಂಬಿದ ಹಣವದು. ಹುಡುಗ ಸತ್ಯವಂತನೇ. ಆದರೆ ಅವನ ಕಡತ ಸತ್ಯವನ್ನು ಹೇಳುತ್ತಿರಲಿಲ್ಲ. ಅಧಿಕಾರಿಯ ಕೈಗೆ ಹೋಗುವುದು ಹುಡುಗನಲ್ಲ, ಕಡತ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ವೀಸಾ ಎಂದರೇನು?

ಪಾಸ್‌ಪೋರ್ಟ್ ನಮ್ಮ ಸರಕಾರ ನಮ್ಮ ಗುರುತಿಗೆ ಕೊಡುವ ಪತ್ರ. ವೀಸಾ ಆ ದೇಶದವರು ತಮ್ಮ ಗಡಿಯವರೆಗೆ ಬರಲು ಕೊಡುವ ಅನುಮತಿ. ವೀಸಾ ಇದ್ದರೂ ಗಡಿಯಲ್ಲಿ ಅಧಿಕಾರಿ ಪ್ರಶ್ನಿಸಬಹುದು. ಆದುದರಿಂದ ಆಹ್ವಾನಪತ್ರ, ವಿಮೆ, ಹೋಟೆಲಿನ ಕಾಗದಗಳ ಪ್ರತಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಯುರೋಪಿನ ಅನೇಕ ದೇಶಗಳಿಗೆ ಒಂದೇ ವೀಸಾ ಸಾಕು. ಇದಕ್ಕೆ ‘ಷೆಂಗೆನ್ ವೀಸಾ’ ಎನ್ನುತ್ತಾರೆ. 1985ರ ಜೂನ್ 14ರಂದು ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯಲ್ಲಿ ಆದ ಒಪ್ಪಂದದಿಂದ ಈ ಹೆಸರು ಬಂದಿತು. 2025ರ ಜನವರಿಯಲ್ಲಿ ಬಲ್ಗೇರಿಯಾ ಮತ್ತು ರುಮೇನಿಯಾ ಪೂರ್ಣವಾಗಿ ಸೇರಿದ ಮೇಲೆ ಈ ವಲಯದಲ್ಲಿ 29 ದೇಶಗಳಾದವು. ಈ ವೀಸಾದ ಮೇಲೆ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಒಳಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ವೀಸಾದಲ್ಲಿ ಇನ್ನೂ ಕಡಿಮೆ ದಿನಗಳನ್ನು ಬರೆದಿದ್ದರೆ ಅಷ್ಟೇ ಮಿತಿ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬಂದುಹೋಗುವುದನ್ನು ಗಣಕದಲ್ಲಿ ದಾಖಲಿಸುವ ಪದ್ಧತಿಯನ್ನು 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ತರಲಾರಂಭಿಸಿದ್ದಾರೆ. ಆದ್ದರಿಂದ ಒಂದು ದಿನ ಹೆಚ್ಚಾದರೂ ಅದು ಮರೆಯಾಗಿ ಉಳಿಯುವುದಿಲ್ಲ.

ಹಲವು ದೇಶಗಳಿಗೆ ಹೋಗುವುದಾದರೆ ಅರ್ಜಿ ಎಲ್ಲಿಗೆ? ಪ್ರಯಾಣದ ಮುಖ್ಯ ಉದ್ದೇಶ ಯಾವ ದೇಶದಲ್ಲಿದೆಯೋ, ಹೆಚ್ಚು ದಿನ ಎಲ್ಲಿ ಇರುತ್ತೇವೆಯೋ ಆ ದೇಶಕ್ಕೆ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ‘ಆ ದೇಶದವರು ಬೇಗ ಕೊಡುತ್ತಾರಂತೆ’ ಎಂಬ ಬಾಯಿಮಾತನ್ನು ನಂಬಿ ಒಂದು ದೇಶದ ವೀಸಾ ಪಡೆದು ಇನ್ನೊಂದು ದೇಶದಲ್ಲಿ ಕೆಲಸ ಮುಗಿಸಿ ಬರುವುದು ಸರಿಯಲ್ಲ. ನಮ್ಮ ಹುಡುಗನ ಕಡತದಲ್ಲಿ ಪ್ಯಾರಿಸ್ಸಿನ ಹೋಟೆಲು ಹುಟ್ಟಿಸಿದ ಸಂದೇಹವೂ ಈ ಜಾತಿಯದೇ.

ವ್ಯಾಪಾರ ಸಂದರ್ಶಕನು ಏನು ಮಾಡಬಹುದೆಂಬುದನ್ನೂ ತಿಳಿದಿರಬೇಕು. ಮಾತುಕತೆ, ಒಪ್ಪಂದ, ಮೇಳಕ್ಕೆ ಭೇಟಿ, ಕಾರ್ಖಾನೆಯ ವೀಕ್ಷಣೆ ಇವುಗಳಿಗೆ ಅಡ್ಡಿಯಿಲ್ಲ. ಅಲ್ಲಿನ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಯಂತ್ರ ಕೂಡಿಸಿ ಕೊಡುವುದು, ತಿಂಗಳುಗಟ್ಟಲೆ ತರಬೇತಿ ನೀಡುವುದು ಇತ್ಯಾದಿ ಕೆಲಸಗಳಿದ್ದರೆ ಅದಕ್ಕೆ ಬೇರೆ ನಿಯಮಗಳಿರಬಹುದಾದ್ದರಿಂದ ಮೊದಲೇ ಕಾನ್ಸುಲೇಟಿಗೆ ಬರೆದು ಕೇಳುವುದು ಲೇಸು.

ಹೆಸರಿನ ತೊಡಕು

ನಮ್ಮವರ ಅರ್ಜಿಗಳಲ್ಲಿ ಮೊದಲು ಎಡವುವುದು ಹೆಸರಿನಲ್ಲಿ. ಉತ್ತರ ಕರ್ನಾಟಕದವರಿಗೆ ಹಿರೇಮಠ, ಪಾಟೀಲ, ಅಂಗಡಿ ಎಂಬಂತೆ ಮನೆತನದ ಹೆಸರುಗಳುಂಟು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಅನಂತರ ತನ್ನ ಹೆಸರು ಎಂಬುದು ರೂಢಿ. ಶಾಲೆಯ ಅಂಕಪಟ್ಟಿಯಲ್ಲಿ ಅಕ್ಷರಗಳು ಹಿಂದೆ, ಪ್ಯಾನ್ ಚೀಟಿಯಲ್ಲಿ ಅವೇ ಬಿಡಿಸಿ ಮುಂದೆ, ಆಧಾರ್‌ನಲ್ಲಿ ಅಕ್ಷರಗಳೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಉಪನಾಮದ ಮನೆ ಖಾಲಿ. ಹೀಗೆ ಒಬ್ಬನೇ ಮನುಷ್ಯ ನಾಲ್ಕು ಕಾಗದಗಳಲ್ಲಿ ನಾಲ್ವರಾಗಿ ಕಾಣುತ್ತಾನೆ. ನಮಗೆ ಇದು ಸಹಜ. ನಮ್ಮ ರೂಢಿ ತಿಳಿಯದ ಅಧಿಕಾರಿಗೆ ಇದು ಒಗಟು. ಒಂದೇ ಪದದ ಹೆಸರಿದ್ದು ಉಪನಾಮವಿಲ್ಲದ ಪಾಸ್‌ಪೋರ್ಟಿನ ಮೇಲೆ ಬರುವ ಪ್ರವಾಸಿಗಳಿಗೆ ಅರಬ್ ಸಂಯುಕ್ತ ಸಂಸ್ಥಾನದವರು 2022ರ ನವೆಂಬರ್‌ನಲ್ಲಿ ಪ್ರವೇಶವನ್ನೇ ನಿರ್ಬಂಧಿಸಿದರೆಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲವೆಂದು ತಿಳಿಯುತ್ತದೆ.

ಆದ್ದರಿಂದ ಪ್ರಯಾಣದ ಯೋಚನೆ ಮೂಡಿದ ದಿನವೇ ಪಾಸ್‌ಪೋರ್ಟ್, ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಜಿ.ಎಸ್.ಟಿ. ನೋಂದಣಿ ಇಷ್ಟನ್ನೂ ಒಂದು ಮೇಜಿನ ಮೇಲೆ ಹರಡಿ ಹೆಸರು, ಜನ್ಮದಿನ, ವಿಳಾಸಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ತಿದ್ದಬಹುದಾದುದನ್ನು ತಿದ್ದಿಸಿ. ಉಳಿದ ವ್ಯತ್ಯಾಸವನ್ನು ವಿವರಣೆಯ ಪತ್ರದಲ್ಲಿ ಎರಡು ಸಾಲಿನಲ್ಲಿ ನೀವೇ ಹೇಳಿಬಿಡಿ. ಆಹ್ವಾನಪತ್ರದಲ್ಲಿಯೂ ವಿಮಾನದ ಚೀಟಿಯಲ್ಲಿಯೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ಕರೆಯುವ ಹೆಸರಾಗಲಿ ಬಿರುದಾಗಲಿ ಬೇಡ. ಷೆಂಗೆನ್ ದೇಶಗಳಿಗಾದರೆ ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ಅಲ್ಲಿಂದ ಹೊರಡುವ ದಿನದಿಂದ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿದ್ದು, ಎರಡು ಪುಟಗಳಾದರೂ ಖಾಲಿ ಇರಬೇಕು.

ಕಡತದ ಅಂಗಗಳು

ಮೊದಲನೆಯದು ಆಹ್ವಾನಪತ್ರ. ಕರೆಯುವ ಸಂಸ್ಥೆಯ ಹೆಸರು ವಿಳಾಸಗಳುಳ್ಳ ಕಾಗದದಲ್ಲಿ, ಸಹಿ ಮಾಡಿದವರ ಹುದ್ದೆ ಸಹಿತ ಇರಬೇಕು. ಕರೆದವರಾರು, ಬರುವವರಾರು, ಪಾಸ್‌ಪೋರ್ಟ್ ಸಂಖ್ಯೆ ಏನು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ವ್ಯವಹಾರಕ್ಕೆ, ಇಬ್ಬರ ನಡುವೆ ಸಂಪರ್ಕ ಹೇಗೆ ಬೆಳೆಯಿತು, ಪ್ರಯಾಣ ಮತ್ತು ವಸತಿಯ ಖರ್ಚು ಯಾರದು ಎಂಬಿಷ್ಟನ್ನು ಆ ಪತ್ರ ಹೇಳಬೇಕು. ‘ನಮ್ಮಲ್ಲಿಗೆ ಬರಲು ಆದರದಿಂದ ಆಹ್ವಾನಿಸುತ್ತೇವೆ’ ಎಂಬ ಒಂದು ಸಾಲು ಸೌಜನ್ಯವಾದೀತೇ ಹೊರತು ಸಾಕ್ಷ್ಯವಾಗದು. ಖರೀದಿದಾರರಿಗೆ ಈ ವಿವರಗಳು ಬೇಕೆಂದು ಬರೆಯಲು ಸಂಕೋಚಪಡಬಾರದು. ವ್ಯವಹಾರಸ್ಥರಿಗೆ ಇದು ತಿಳಿದ ವಿಷಯವೇ. ಮೇಳಕ್ಕೆ ಹೋಗುವುದಾದರೆ ಪ್ರವೇಶದ ಚೀಟಿಯನ್ನೂ ಲಗತ್ತಿಸಬೇಕು.

ಎರಡನೆಯದು ನಮ್ಮದೇ ವಿವರಣೆಯ ಪತ್ರ. ಇದು ಒಂದು ಪುಟವನ್ನು ಮೀರದಿರಲಿ. ಏಜೆಂಟರ ಬಳಿ ಇರುವ ಸಿದ್ಧ ಮಾದರಿಯಲ್ಲಿ ಹೆಸರು ಮಾತ್ರ ಬದಲಿಸಿ ಕೊಡುವ ಪತ್ರ ಬೇಡ. ನಾನು ಇಂಥ ಊರಿನವನು, ಇಷ್ಟು ವರ್ಷದಿಂದ ಇಂಥ ಕಾಯಕ ಮಾಡುತ್ತಿದ್ದೇನೆ, ಇಷ್ಟು ಜನ ನನ್ನಲ್ಲಿ ದುಡಿಯುತ್ತಾರೆ, ಇಂಥವರನ್ನು ಕಾಣಲು ಇಷ್ಟು ದಿನ ಹೋಗುತ್ತೇನೆ, ಇಂಥ ದಿನ ಹಿಂದಿರುಗುತ್ತೇನೆ ಎಂದು ಸರಳವಾಗಿ ಬರೆಯಬೇಕು. ಜೊತೆಯಲ್ಲಿ ದಿನಚರಿಯ ಪಟ್ಟಿ ಇರಲಿ.

ಮೂರನೆಯದು ಉದ್ಯಮದ ದಾಖಲೆಗಳು. ಜಿ.ಎಸ್.ಟಿ. ನೋಂದಣಿ ಮತ್ತು ಸಲ್ಲಿಸಿದ ಲೆಕ್ಕಪತ್ರಗಳು, ಸಣ್ಣ ಉದ್ಯಮಗಳಿಗೆ 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿ, ಕಳೆದ ವರ್ಷಗಳ ಆದಾಯ ತೆರಿಗೆಯ ವಿವರ, ಶೆಡ್ಡಿನ ಬಾಡಿಗೆ ಕರಾರು, ಕೆಲಸಗಾರರ ಸಂಬಳದ ಪಟ್ಟಿ. ಪಾಲುದಾರಿಕೆಯಾದರೆ ಅದರ ಪತ್ರ. ಎಷ್ಟು ವರ್ಷಗಳ ಲೆಕ್ಕ, ಎಷ್ಟು ತಿಂಗಳ ಬ್ಯಾಂಕ್ ವಿವರ ಬೇಕೆಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆಯಾ ಕಾನ್ಸುಲೇಟಿನ ಅಧಿಕೃತ ಪಟ್ಟಿಯನ್ನೇ ಮುಂದಿಟ್ಟುಕೊಂಡು ಜೋಡಿಸಬೇಕು. ಖಾತಾ ಪತ್ರ, ಕಂದಾಯದ ರಸೀದಿ ಮೊದಲಾದವು ಕನ್ನಡದಲ್ಲಿರುತ್ತವೆ. ಅವುಗಳನ್ನು ಕೊಡುವುದಾದರೆ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬೇಕು. ಓದಲಾಗದ ಕಾಗದದಿಂದ ಅಧಿಕಾರಿಗೆ ಪ್ರಯೋಜನವೇನು?

ನಾಲ್ಕನೆಯದು ಪ್ರಯಾಣದ ಕಾಗದಗಳು. ವಿಮೆಯು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವೆಚ್ಚಕ್ಕೆ, ಎಲ್ಲ ಷೆಂಗೆನ್ ದೇಶಗಳಿಗೆ, ಇಡೀ ವಾಸ್ತವ್ಯಕ್ಕೆ ಅನ್ವಯಿಸಬೇಕು. ವಿಮಾನದಲ್ಲಿ ಸ್ಥಳ ಕಾದಿರಿಸಿದ ದಾಖಲೆ ಸಾಕೆನ್ನುವಲ್ಲಿ ಹಣ ಹಿಂದಿರುಗದ ಚೀಟಿಯನ್ನು ಆತುರದಿಂದ ಕೊಂಡುಬಿಡಬಾರದು. ಹಾಗೆಂದು ಮರುದಿನವೇ ರದ್ದಾಗುವ ಸುಳ್ಳು ಕಾದಿರಿಸುವಿಕೆಯೂ ಬೇಡ. ಭಾವಚಿತ್ರ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ್ದಾಗಿ, ಈಚಿನದ್ದಾಗಿರಲಿ.

ಹಣದ ಮಾತು

ಅನೇಕರು ಎಡವುವುದು ಇಲ್ಲಿಯೇ. ಬ್ಯಾಂಕಿನಲ್ಲಿ ಹೆಚ್ಚು ಹಣ ಕಂಡರೆ ವೀಸಾ ಖಂಡಿತವೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಅಧಿಕಾರಿ ನೋಡುವುದು ಕೊನೆಯ ಸಾಲಿನ ಮೊತ್ತವನ್ನು ಮಾತ್ರವಲ್ಲ. ಹಣ ಹೇಗೆ ಬಂದಿತು, ಹೇಗೆ ಹೋಯಿತು ಎಂಬ ಹರಿವನ್ನು. ತಿಂಗಳುಗಟ್ಟಲೆ ನಲವತ್ತು, ಐವತ್ತು ಸಾವಿರದಲ್ಲಿ ತೂಗುತ್ತಿದ್ದ ಖಾತೆಯಲ್ಲಿ ಒಮ್ಮೆಗೇ ಎಂಟು ಲಕ್ಷ ಬಂದು ಕುಳಿತರೆ ಅದು ಶ್ರೀಮಂತಿಕೆಯಂತೆ ಕಾಣದು, ಪ್ರಕ್ಷಿಪ್ತದಂತೆ ಕಾಣುತ್ತದೆ. ತಾಳೆಗರಿಯ ನಡುವೆ ಬೇರೆ ಕೈಬರಹದ ಒಂದು ಗರಿಯನ್ನು ಯಾರೋ ಸೇರಿಸಿದ ಹಾಗೆ. ಒಂದು ಗರಿಯ ಮೇಲೆ ಸಂದೇಹ ಹುಟ್ಟಿದರೆ ಇಡೀ ಕಟ್ಟಿನ ಮೇಲೆಯೇ ಸಂದೇಹ ಹರಡುತ್ತದೆ.

ಹೇಳಲು ಸಂಕೋಚಪಡುವ ಸಾಲವೇ ಕೆಲವೊಮ್ಮೆ ಒಳ್ಳೆಯ ಸಾಕ್ಷಿ. ಯಂತ್ರದ ಮೇಲೆ ಸಾಲವಿದೆ, ಪ್ರತಿ ತಿಂಗಳೂ ಕಂತು ತಪ್ಪದೆ ಕಟ್ಟುತ್ತಿದ್ದಾನೆ, ಒಂಬತ್ತು ಜನರಿಗೆ ಸಂಬಳ ಕೊಡುತ್ತಿದ್ದಾನೆ ಎಂಬುದು ಅವನ ಬೇರು ಎಲ್ಲಿದೆಯೆಂಬುದನ್ನು ತೋರಿಸುತ್ತದೆ. ಬಂಧುಗಳು ನಿಜವಾಗಿಯೂ ಖರ್ಚಿಗೆ ನೆರವಾಗಿದ್ದರೆ ಅದನ್ನೂ ಹಾಗೆಯೇ ಬರೆದು ಅವರ ಪತ್ರವನ್ನು ಲಗತ್ತಿಸಬಹುದು. ಇದ್ದುದನ್ನು ಇದ್ದಂತೆ ಹೇಳುವುದರಲ್ಲಿ ಅವಮಾನವಿಲ್ಲ.

ಕಾಲಗಣನೆ ಮತ್ತು ಬೆರಳಚ್ಚು

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಗಳಿಗಿಂತ ತಡವಾಗಬಾರದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೂ ಆಗಬಹುದು. ಅರ್ಜಿ ಕೊಡಲು ಸಮಯ ನಿಗದಿಯಾಗುವುದೇ ಕೆಲವು ತಿಂಗಳುಗಳಲ್ಲಿ ಕಷ್ಟ. ಮೂರು ತಿಂಗಳು ಮುಂಚೆ ಕಾಗದಗಳು ಸಿದ್ಧವಾಗಿರುವುದು ಜಾಣತನ. ವಯಸ್ಕರ ಶುಲ್ಕ 2024ರ ಜೂನ್ 11ರಿಂದ 80 ಯೂರೋಗಳಿಂದ 90 ಯೂರೋಗಳಿಗೆ ಏರಿತು. ವೀಸಾ ನಿರಾಕರಿಸಿದರೂ ಈ ಹಣ ಹಿಂದಕ್ಕೆ ಬಾರದು.

ಅರ್ಜಿದಾರನು ಸ್ವತಃ ಹೋಗಿ ಹತ್ತು ಬೆರಳುಗಳ ಗುರುತು ಕೊಡಬೇಕು. ಒಮ್ಮೆ ಕೊಟ್ಟರೆ 59 ತಿಂಗಳೊಳಗಿನ ಮುಂದಿನ ಅರ್ಜಿಗಳಿಗೆ ಅದನ್ನೇ ಬಳಸಿಕೊಳ್ಳಬಹುದು. ಲೇತ್ ಮುಂದೆ ನಿಂತು ದುಡಿಯುವವರ ಬೆರಳುಗಳ ರೇಖೆಗಳು ಲೋಹದ ಚೂರು, ಕೂಲಂಟ್ ಎಣ್ಣೆಗಳಿಂದ ಸವೆದಿರುತ್ತವೆ. ನಮ್ಮ ಹುಡುಗನ ಬೆರಳುಗಳನ್ನು ಯಂತ್ರ ಮೂರು ಬಾರಿ ಒಲ್ಲೆನೆಂದಿತ್ತು. ಅಂಥವರು ಒಂದು ವಾರ ಮುಂಚಿನಿಂದ ಯಂತ್ರದ ಕೆಲಸದಿಂದ ಕೈಯನ್ನು ಬಿಡಿಸಿಕೊಂಡು, ರಾತ್ರಿ ಕೊಬ್ಬರಿ ಎಣ್ಣೆ ಸವರಿ, ಹೋಗುವ ದಿನ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋಗಲಿ. ಹೆಣ್ಣುಮಕ್ಕಳು ಆ ದಿನಗಳಲ್ಲಿ ಬೆರಳ ತುದಿಗೆ ಮೆಹಂದಿ ಹಚ್ಚಿಕೊಳ್ಳದಿರುವುದು ಒಳ್ಳೆಯದು.

ಬೇರೆ ದೇಶಗಳ ರೀತಿ

ಅಮೆರಿಕದ ಪದ್ಧತಿ ಬೇರೆ. ಅಲ್ಲಿನ ವ್ಯಾಪಾರ ಸಂದರ್ಶಕರ ವೀಸಾಕ್ಕೆ ‘ಬಿ–1’ ಎಂದು ಹೆಸರು. ‘ಡಿ.ಎಸ್.–160’ ಎಂಬ ಅರ್ಜಿಯನ್ನು ಗಣಕದಲ್ಲಿಯೇ ತುಂಬಬೇಕು. 2023ರ ಜೂನ್‌ನಲ್ಲಿ ಅದರ ಶುಲ್ಕವನ್ನು 185 ಡಾಲರ್‌ಗಳಿಗೆ ಏರಿಸಿದರು. ಬೆಂಗಳೂರಿಗರು ಸಂದರ್ಶನಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗುವುದು ಬಹುಕಾಲದ ರೂಢಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಕೆಲಸ ಆಗಲೇ ಆರಂಭವಾಗಲಿಲ್ಲ. ಅರ್ಜಿದಾರನು ಅಲ್ಲಿಯೇ ನೆಲೆಸಲು ಬಂದವನೆಂದೇ ಅಮೆರಿಕದ ಕಾನೂನು ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಅವನದೇ. ಅಲ್ಲಿ ಕಾಗದಕ್ಕಿಂತ ಎರಡು ಮೂರು ನಿಮಿಷಗಳ ಮಾತೇ ಮುಖ್ಯ. ಕೇಳಿದ್ದಕ್ಕೆ ಮಾತ್ರ, ನೇರವಾಗಿ, ಚಿಕ್ಕದಾಗಿ ಉತ್ತರಿಸಬೇಕು. ಹಿಂದೆ ಎಲ್ಲಿಯಾದರೂ ಅಮೆರಿಕದ ವೀಸಾ ನಿರಾಕರಣೆಯಾಗಿದ್ದರೆ ಮುಚ್ಚಿಡಬಾರದು. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಆ ದೇಶದ ಬಾಗಿಲು ಜೀವನಪರ್ಯಂತ ಮುಚ್ಚಿಹೋಗಬಹುದು.

ಬ್ರಿಟನ್ ಷೆಂಗೆನ್ ವಲಯಕ್ಕೆ ಸೇರಿಲ್ಲ. ಲಂಡನ್ನಿಗೂ ಫ್ರಾಂಕ್‌ಫರ್ಟಿಗೂ ಹೋಗಬೇಕಾದವರು ಎರಡು ವೀಸಾಗಳನ್ನು ಬೇರೆಬೇರೆಯಾಗಿ ಪಡೆಯಬೇಕು. ಅಲ್ಲಿನ ಸಂದರ್ಶಕ ವೀಸಾದ ಮೇಲೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು.

ನಿರಾಕರಣೆಯಾದರೆ

ಷೆಂಗೆನ್ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಗುರುತು ಮಾಡಿದ ಹಾಳೆಯನ್ನು ಕೊಡುತ್ತಾರೆ. ಕೋಪದಲ್ಲಿ ಅದನ್ನು ಹರಿದೆಸೆಯಬೇಡಿ. ಮುಂದಿನ ಅರ್ಜಿಗೆ ಅದೇ ದಾರಿದೀಪ. ಜರ್ಮನಿಯವರು ಕಾನ್ಸುಲೇಟಿನಲ್ಲಿಯೇ ಮರುಪರಿಶೀಲನೆ ಕೋರುವ ಪದ್ಧತಿಯನ್ನು 2025ರ ಜುಲೈ 1ರಿಂದ ಎಲ್ಲೆಡೆ ನಿಲ್ಲಿಸಿದರು. ಆ ಬಳಿಕ ಉಳಿದವು ಎರಡು ದಾರಿಗಳು: ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ. ಸಾಮಾನ್ಯ ಗೃಹಸ್ಥನಿಗೆ ಮೊದಲನೆಯದೇ ಸಾಧ್ಯವಾದ ದಾರಿ. ಆದರೆ ಅದೇ ಕಾಗದಗಳನ್ನು ಮತ್ತೆ ಕೊಟ್ಟರೆ ಅದೇ ಉತ್ತರ ಬಂದೀತು. ಹಳೆಯ ನಿರಾಕರಣೆ ಅವರ ಗಣಕದಲ್ಲಿ ಉಳಿದಿರುತ್ತದೆ. ಅದನ್ನು ಮರೆಮಾಚಿ ಫಲವಿಲ್ಲ.

ನಾವು ಮಾಡಿದ್ದೂ ಹೊಸ ಅರ್ಜಿಯನ್ನೇ. ಏಜೆಂಟನನ್ನು ಬಿಟ್ಟೆವು. ಬಂಧುವಿನ ಎಂಟು ಲಕ್ಷ ಹಿಂದೆಯೇ ಅವರಿಗೆ ಹೋಗಿತ್ತು. ಹ್ಯಾನೋವರ್ ಮೇಳ ಮತ್ತೆ 2025ರ ಮಾರ್ಚ್ 31ರಿಂದ ಏಪ್ರಿಲ್ 4ರವರೆಗೆ ನಿಗದಿಯಾಗಿತ್ತು. ಖರೀದಿದಾರರಿಂದ ಪೂರ್ಣ ವಿವರಗಳುಳ್ಳ ಪತ್ರ ತರಿಸಿದೆವು. ದೀಪಾವಳಿ ಕಳೆದ ಮೇಲೆ ಪ್ರತಿ ಭಾನುವಾರ ಸಂಜೆ ಹುಡುಗ, ಅವನ ಹೆಂಡತಿ ಮತ್ತು ನಾನು ಕುಳಿತು ಒಂದೊಂದು ಕಾಗದವನ್ನು ಓದಿ ಹೋಲಿಸಿದೆವು. ವಿವರಣೆಯ ಪತ್ರದಲ್ಲಿ ಹಿಂದಿನ ವರ್ಷದ ತಪ್ಪನ್ನು ಅವನು ಒಪ್ಪಿಕೊಂಡು ಬರೆದ: ಅರ್ಜಿಯ ಉದ್ದೇಶ ತಪ್ಪಾಗಿ ನಮೂದಾಗಿತ್ತು, ಖಾತೆಯಲ್ಲಿದ್ದ ಮೊತ್ತ ಕೈಗಡದ್ದಾಗಿತ್ತು, ಈಗ ಕೊಡುತ್ತಿರುವುದು ನನ್ನ ನಿಜವಾದ ಲೆಕ್ಕ. ಆ ಸಾಲುಗಳನ್ನು ಬರೆಯಬೇಕೆ ಬೇಡವೆ ಎಂದು ಮನೆಯಲ್ಲಿ ಎರಡು ವಾರ ಚರ್ಚೆ ನಡೆಯಿತು. “ಇದನ್ನು ಬರೆದು ಮತ್ತೆ ನಿರಾಕರಿಸಿದರೆ?” ಎಂದು ಹುಡುಗನ ಹೆಂಡತಿ ಕೇಳಿದಳು. ನನ್ನಲ್ಲಿ ಭರವಸೆಯ ಉತ್ತರವಿರಲಿಲ್ಲ. “ಆಗ ನಿಜ ಹೇಳಿಯೂ ನಿರಾಕರಣೆಯಾಯಿತು ಎಂದಾದೀತಮ್ಮ, ಸುಳ್ಳು ಹೇಳಿ ಆಯಿತೆಂದಾಗದು” ಎಂದಷ್ಟೇ ಹೇಳಿದೆ. ಕೊನೆಗೆ ಬರೆದದ್ದು ಹುಡುಗನ ನಿರ್ಧಾರದಿಂದಲೇ.

ವೀಸಾ ಬಂದಿತು. ಕೇಳಿದಷ್ಟೇ, 12 ದಿನಗಳಿಗೆ. ಮಾರ್ಚ್ 29ರಂದು, ಯುಗಾದಿಯ ಹಿಂದಿನ ದಿನ ಅವನು ಜರ್ಮನಿಯಲ್ಲಿ ಇಳಿದ. ಬೇವುಬೆಲ್ಲವನ್ನು ತಾಯಿ ಮೊದಲೇ ಪೊಟ್ಟಣ ಕಟ್ಟಿ ಕೊಟ್ಟಿದ್ದಳು. ಏಪ್ರಿಲ್ 9ಕ್ಕೆ ಅಲ್ಲಿಂದ ಹೊರಟು ಬಂದ. ದೊಡ್ಡ ಒಪ್ಪಂದವೇನೂ ಆಗಲಿಲ್ಲ. ಒಂದು ಚಿಕ್ಕ ಮಾದರಿ ಆದೇಶ ದೊರೆಯಿತು. ತಂಗಿಯ ಬಳೆಗಳು ಇನ್ನೂ ಬ್ಯಾಂಕಿನಲ್ಲಿಯೇ ಇವೆ. ಆದರೆ ಹುಡುಗ ತಲೆಯೆತ್ತಿ ನಡೆಯುತ್ತಾನೆ. ಹೀಗೆ ಪಡೆದ ವೀಸಾವನ್ನು ನಿಯಮದಂತೆ ಬಳಸಿ ಹಿಂದಿರುಗಿದವರಿಗೆ ಮುಂದೆ ಅನುಕೂಲವೂ ಉಂಟು. 2024ರ ಏಪ್ರಿಲ್ 18ರಂದು ಯುರೋಪಿನವರು ಭಾರತೀಯರಿಗಾಗಿ ಮಾಡಿದ ನಿಯಮದಂತೆ, ಮೂರು ವರ್ಷಗಳೊಳಗೆ ಎರಡು ವೀಸಾಗಳನ್ನು ಸರಿಯಾಗಿ ಬಳಸಿದವರಿಗೆ ಎರಡು ವರ್ಷಗಳ, ಅನಂತರ ಐದು ವರ್ಷಗಳ ವೀಸಾ ದೊರೆಯುವ ಅವಕಾಶವಿದೆ. ಪಾಸ್‌ಪೋರ್ಟಿಗೆ ಅಷ್ಟು ಕಾಲದ ಆಯುಷ್ಯ ಇರಬೇಕು, ಅಷ್ಟೆ.

ಬಂಧುಗಳೆ, ಸತ್ಯವಾದ ಕಡತಕ್ಕೆ ವೀಸಾ ಖಂಡಿತವೆಂದು ನಾನು ಹೇಳಲಾರೆ. ಕೊಡುವುದು ಬಿಡುವುದು ಆ ದೇಶದವರ ಅಧಿಕಾರ. ಶುಲ್ಕ, ಪಟ್ಟಿ, ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ಅರ್ಜಿಗೆ ಮುನ್ನ ಆಯಾ ದೇಶದ ಅಧಿಕೃತ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ. ಆದರೆ ಒಂದು ಮಾತು ಬದಲಾಗದು. ನುಡಿದಂತೆ ನಡೆಯುವುದನ್ನು ನಮ್ಮ ಹಿರಿಯರು ಮನೆಯಲ್ಲಿಯೂ ಅಂಗಡಿಯಲ್ಲಿಯೂ ಕಲಿಸಿದರು. ಅದನ್ನೇ ಕಾಗದದ ಮೇಲೂ ಪಾಲಿಸಿದರೆ ಸಾಕು. ಮಕ್ಕಳ ಕಡತವನ್ನು ಮನೆಯ ಹಿರಿಯರೊಬ್ಬರು ಕುಳಿತು ಒಮ್ಮೆ ಪೂರ್ತಿ ಓದಲಿ. ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದಲೇ ಓದಿಸಿ ಕೇಳಲಿ. ಎಲ್ಲಿಯಾದರೂ ಮಾತು ತಡವರಿಸಿದರೆ ಅದೇ ತಿದ್ದಬೇಕಾದ ಜಾಗ.

ಹೊರಟವರಿಗೆಲ್ಲ ಶುಭವಾಗಲಿ. ಶರಣು ಶರಣಾರ್ಥಿ.